ಹಾವಿಗೆ ಹುತ್ತ, ಹಲ್ಲಿಗೆ ಮರಳು

ಕೈಗೆ ಗರಗಸ ಕೊಟ್ಟು "ಆ ಬರ್ಚ್ ಮರಗಳನ್ನೆಲ್ಲ ಬುಡಕ್ಕೆ ಕೊಯ್ದುಬಿಡಿ" ಅಂದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ಡಿಸೆಂಬರ್ ತಿಂಗಳ ಒಂದು ಶನಿವಾರ. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಒಂದು ಬಯಲು. ರಾತ್ರಿ ಬಿದ್ದ ಇಬ್ಬನಿ ನೆಲದ ಮೇಲೆ ಹೆಪ್ಪುಗಟ್ಟಿತ್ತು. ನಾವು ಹತ್ತು ಹನ್ನೆರಡು ಜನ. ಯಾರಿಗೂ ಸಂಬಳವಿಲ್ಲ, ಬಂದಿದ್ದು ಹಾವು ಮತ್ತು ಹಲ್ಲಿಗಳಿಗೆ ಜಾಗ ಮಾಡಿಕೊಡಲು. ವನಮಹೋತ್ಸವದ ದಿನ ಸಾಲಾಗಿ ನಿಂತು ಸಸಿ ನೆಟ್ಟು ಬೆಳೆದವಳು ನಾನು. ಪರಿಸರದ ಕೆಲಸ ಅಂದರೆ ಮರ ಬೆಳೆಸುವುದು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಲ್ಲಿ ನೋಡಿದರೆ ಮರ ಕಡಿಯಲು ಕರೆಯುತ್ತಿದ್ದಾರೆ.

ಆವತ್ತು ಮಧ್ಯಾಹ್ನದ ಹೊತ್ತಿಗೆ ಕಾರಣ ಅರ್ಥವಾಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಎಲ್ಲವೂ ಬಿಸಿಲಿನ ಸುತ್ತ ಇದೆ.

ನಾವು ತಿಂದ ಊಟದ ದೊಡ್ಡ ಪಾಲು ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಹಾವು, ಹಲ್ಲಿಗಳು ಆ ಖರ್ಚು ಮಾಡುವುದಿಲ್ಲ. ಅವಕ್ಕೆ ಬೇಕಾದ ಶಾಖ ಹೊರಗಿನಿಂದಲೇ ಬರಬೇಕು. ಅದಕ್ಕೇ ಅವು ಕಡಿಮೆ ತಿಂದು ಬದುಕುತ್ತವೆ. ಆದರೆ ಮೈ ಕಾಯದೆ ಓಡಲು, ಬೇಟೆಯಾಡಲು, ತಿಂದದ್ದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಹೊಟ್ಟೆಯಲ್ಲಿರುವ ಮರಿ ಬೆಳೆಯುವುದಿಲ್ಲ. ನಮ್ಮೂರಿನ ಓತಿಕ್ಯಾತ ಬೆಳಿಗ್ಗೆ ಬಂಡೆಯ ಮೇಲೆ ಕೂತು ಬಿಸಿಲು ಕಾಯಿಸುವುದನ್ನು ನೋಡಿರುತ್ತೀರಿ, ಅಲ್ವಾ? ಅದಕ್ಕೆ ಅಷ್ಟು ಹೊತ್ತು ಸಾಕು. ಆಮೇಲೆ ಅದು ನೆರಳು ಹುಡುಕುತ್ತದೆ. ಇಂಗ್ಲೆಂಡಿನ ಹಲ್ಲಿಗೆ ಹಾಗಲ್ಲ. ಅಲ್ಲಿ ಬೇಸಿಗೆಯಲ್ಲೂ ಎಷ್ಟೋ ದಿನ 20 ಡಿಗ್ರಿ ದಾಟುವುದು ಕಷ್ಟ. ಹಲ್ಲಿಗೆ ಚುರುಕಾಗಿರಲು ಮೈ 30 ಡಿಗ್ರಿ ಆಸುಪಾಸು ಬರಬೇಕು. ಆ ವ್ಯತ್ಯಾಸವನ್ನು ತುಂಬಿಕೊಡುವುದು ನೇರ ಬಿಸಿಲು ಮಾತ್ರ. ನಾಲ್ಕು ಮರ ಬೆಳೆದು ನೆಲಕ್ಕೆ ನೆರಳಾಯಿತು ಅಂದರೆ ಅಲ್ಲಿ ಅವುಗಳ ಬದುಕು ಮುಗಿದಂತೆ.

ಬ್ರಿಟನ್ನಿನ ನೆಲದ ಮೇಲೆ ಮೊದಲಿನಿಂದ ಇರುವ ಹಾವು, ಹಲ್ಲಿಗಳು ಆರೇ ಆರು ಜಾತಿ. ಕೊಳಕುಮಂಡಲದ ದೂರದ ನೆಂಟನಾದ ಆಡರ್ ಹಾವು, ನೀರಿನ ಪಕ್ಕ ಓಡಾಡುವ ಹುಲ್ಲುಹಾವು, ಯಾರ ಕಣ್ಣಿಗೂ ಸುಲಭಕ್ಕೆ ಬೀಳದ ನುಣುಪು ಹಾವು, ಸಾಮಾನ್ಯ ಹಲ್ಲಿ, ಮರಳು ಹಲ್ಲಿ, ಕಾಲಿಲ್ಲದೆ ಹಾವಿನಂತೆ ಕಾಣುವ ಸ್ಲೋವರ್ಮ್ ಎಂಬ ಇನ್ನೊಂದು ಹಲ್ಲಿ. ಕರ್ನಾಟಕದ ಒಂದು ಘಟ್ಟದ ಊರಿನಲ್ಲಿ ಒಂದು ಮಳೆಗಾಲಕ್ಕೆ ಇದಕ್ಕಿಂತ ಜಾಸ್ತಿ ಜಾತಿ ಕಾಣುತ್ತವೆ. ಇರುವುದೇ ಆರು ಆದ್ದರಿಂದ ಒಂದೊಂದನ್ನೂ ಎಣಿಸಿ ಎಣಿಸಿ ಕಾಯುತ್ತಾರೆ. ಆರರಲ್ಲಿ ವಿಷವಿರುವುದು ಆಡರ್ ಒಂದಕ್ಕೇ. ಅದು ಕಚ್ಚಿ ಬ್ರಿಟನ್ನಿನಲ್ಲಿ ಕೊನೆಯ ಸಲ ಒಬ್ಬರು ಸತ್ತದ್ದು 1975ರಲ್ಲಿ. ನಮ್ಮ ದೇಶದ ಲೆಕ್ಕ ಬೇರೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರ ಭಯ ಸುಳ್ಳಲ್ಲ. ಅದನ್ನು ಮರೆತು, ಇಂಗ್ಲೆಂಡಿನವರಂತೆ ನಾವೂ ಹಾವನ್ನು ಪ್ರೀತಿಸಬೇಕು ಎಂದು ಸುಲಭಕ್ಕೆ ಹೇಳಲು ನನ್ನಿಂದಾಗದು.

ಈಗ ಆ ಬಯಲಿನ ವಿಷಯಕ್ಕೆ ಬರೋಣ. ಅದಕ್ಕೆ ಹೀತ್ ಎನ್ನುತ್ತಾರೆ. ಮರಳು ಮಿಶ್ರಿತ ಬಡ ಮಣ್ಣು, ಮೊಣಕಾಲೆತ್ತರದ ಹೆದರ್ ಗಿಡ, ಅಲ್ಲಲ್ಲಿ ಹಳದಿ ಹೂವಿನ ಗೋರ್ಸ್ ಎಂಬ ಮುಳ್ಳುಪೊದೆ. ಆಗಸ್ಟಿನಲ್ಲಿ ಹೆದರ್ ಹೂ ಬಿಟ್ಟರೆ ಬಯಲಿಗೆ ಬಯಲೇ ನೇರಳೆ. ನೋಡಿದವರಿಗೆ ಇದು ಮನುಷ್ಯರು ಮುಟ್ಟದ ಕಾಡುಭೂಮಿ ಅನ್ನಿಸುತ್ತದೆ. ಆದರೆ ಇದನ್ನು ಮಾಡಿದ್ದೇ ಮನುಷ್ಯರು. ಸಾವಿರಾರು ವರ್ಷಗಳ ಹಿಂದೆ, ಕಂಚಿನ ಯುಗದ ರೈತರು ಇಲ್ಲಿದ್ದ ಕಾಡು ಕಡಿದರು. ಮರಳು ಮಣ್ಣಿನ ಸಾರವೆಲ್ಲ ಮಳೆಗೆ ತೊಳೆದುಹೋಯಿತು. ಆ ಬಡ ನೆಲದಲ್ಲಿ ಹೆದರ್ ಹಬ್ಬಿತು.

ಆಮೇಲೆ ಇದು ಊರಿನವರ ಗೋಮಾಳವಾಯಿತು. ದನ, ಕುದುರೆ, ಕುರಿ ಮೇಯಿಸಿದರು. ಒಲೆಗೆ ಗೋರ್ಸ್ ಕಡಿದರು. ಕೊಟ್ಟಿಗೆಗೆ ಹಾಸಲು ಜರಿಗಿಡ ಕೊಯ್ದರು, ಉರುವಲಿಗೆ ನೆಲದ ಹೆಂಟೆಯನ್ನೇ ಕಿತ್ತು ಒಣಗಿಸಿದರು. ಮಲೆನಾಡಿನವರು ಸೊಪ್ಪಿನಬೆಟ್ಟವನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ಹೀಗೆ ಪ್ರತಿ ವರ್ಷ ಯಾರೋ ಕಡಿಯುತ್ತಾ, ಏನೋ ಮೇಯುತ್ತಾ ಇದ್ದದ್ದರಿಂದ ಬಯಲು ಬಯಲಾಗಿಯೇ ಉಳಿಯಿತು. ಬಿಸಿಲು ನೆಲಕ್ಕೆ ಬಿತ್ತು. ಹಲ್ಲಿ, ಹಾವುಗಳು ಆ ಬಿಸಿಲಿಗೆ ಒಗ್ಗಿಕೊಂಡವು.

ಕಲ್ಲಿದ್ದಲು ಬಂತು, ಗ್ಯಾಸ್ ಬಂತು. ಗೋರ್ಸ್ ಕಡಿಯುವ ಅಗತ್ಯ ಹೋಯಿತು. ಹೀತ್ ಮೇಲೆ ಮನೆಗಳು ಎದ್ದವು, ರಸ್ತೆ ಹರಿದವು. 1919ರಲ್ಲಿ ಸರ್ಕಾರದ ಅರಣ್ಯ ಆಯೋಗ ಶುರುವಾದ ಮೇಲೆ ಎಷ್ಟೋ ಹೀತ್‌ಗಳಲ್ಲಿ ಸಾಲು ಸಾಲು ಪೈನ್ ನೆಟ್ಟರು. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ರೋಗ ಬಂದು ಮೊಲಗಳು ಸತ್ತವು. ಎಳೆ ಸಸಿಗಳನ್ನು ಕಡಿದು ತಿಂದು, ನೆಲ ಕೆರೆದು ಮರಳು ಬಯಲು ಮಾಡುತ್ತಿದ್ದ ಪುಟ್ಟ ಕೆಲಸಗಾರರೂ ಇಲ್ಲವಾದರು. 1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗು ಪ್ರದೇಶದ ಹೀತ್‌ನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಹೋಗಿದೆ. ಉಳಿದ ಚೂರುಗಳಿಗೆ ಗಾಳಿಯಲ್ಲಿ ಬರ್ಚ್ ಬೀಜ ಹಾರಿ ಬರುತ್ತದೆ, ಪಕ್ಕದ ನೆಡುತೋಪಿನಿಂದ ಪೈನ್ ಬೀಜ ಬರುತ್ತದೆ. ಕೈಬಿಟ್ಟರೆ ಇಪ್ಪತ್ತು ಮೂವತ್ತು ವರ್ಷದಲ್ಲಿ ಬಯಲು ತೋಪಾಗುತ್ತದೆ.

ಅಂದರೆ ಗರಗಸ ಹಿಡಿದು ನಿಂತ ನಾವು ಮಾಡುತ್ತಿದ್ದದ್ದು ಹಿಂದಿನ ದನ, ಕುರಿ, ಮೊಲ, ಸೌದೆ ಕಡಿಯುವವರ ಕೆಲಸ. ಈ ಮಾತು ತಲೆಗೆ ಹೋದ ಮೇಲೆ ಮರ ಕೊಯ್ಯುವಾಗ ನನ್ನ ಕೈ ತಡೆಯಲಿಲ್ಲ.

ಕಡಿಯುವುದಕ್ಕೂ ಕಟ್ಟುನಿಟ್ಟಿನ ಕ್ರಮವಿದೆ. ಕೆಲಸ ನಡೆಯುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಆಗ ಹಾವು, ಹಲ್ಲಿಗಳು ನೆಲದೊಳಗೆ ಚಳಿನಿದ್ದೆಯಲ್ಲಿರುತ್ತವೆ. ಮಾರ್ಚ್ ಬಂದರೆ ಹಕ್ಕಿಗಳು ಗೂಡು ಕಟ್ಟಲು ಶುರು ಮಾಡುತ್ತವೆ, ಪೊದೆಗಳನ್ನು ಮುಟ್ಟುವಂತಿಲ್ಲ. ಮಲಗಿರುವ ಪ್ರಾಣಿಯ ಮೇಲೆ ನಡೆಯುತ್ತಿದ್ದೇವೆ ಎಂಬ ಎಚ್ಚರ ಇರಬೇಕು. ಅದಕ್ಕೇ ಬೊಡ್ಡೆಯನ್ನು ಬೇರು ಸಹಿತ ಅಗೆಯುವುದಿಲ್ಲ. ಹಾವುಗಳು ಮಲಗುವ ದಿಬ್ಬದ ಮೇಲೆ ಭಾರದ ಯಂತ್ರ ಹತ್ತಿಸುವುದಿಲ್ಲ. ಬರ್ಚ್ ಹಟಮಾರಿ ಮರ. ಕಡಿದರೆ ಬುಡದಿಂದ ನಾಲ್ಕು ಚಿಗುರು ಬರುತ್ತದೆ. ಅದಕ್ಕೆ ತರಬೇತಿ ಪಡೆದ ಒಬ್ಬರು ಹಿಂದೆಯೇ ಬಂದು ಕಡಿದ ಬೊಡ್ಡೆಗೆ ಬ್ರಷ್ಷಿನಲ್ಲಿ ಕಳೆನಾಶಕ ಹಚ್ಚುತ್ತಾರೆ. ಬೆರಳುದ್ದದ ಸಸಿಯಾದರೆ ಕೈಯಲ್ಲೇ ಕೀಳುವುದು ಒಳ್ಳೆಯದು. ಮಳೆ ಬಿದ್ದ ಮರುದಿನ ಮೆಣಸಿನ ಮಡಿಯಲ್ಲಿ ಕಳೆ ಕಿತ್ತಷ್ಟೇ ಸುಲಭ.

ಕೊಂಬೆಗಳನ್ನು ಸುಡುವಾಗಲೂ ಅಷ್ಟೆ. ನೆಲದ ಮೇಲೆ ನೇರ ಬೆಂಕಿ ಹಾಕಿದರೆ ಕೆಳಗೆ ಮಲಗಿದ್ದು ಬೆಂದುಹೋಗಬಹುದು. ಬೂದಿ ಬಿದ್ದ ಜಾಗದಲ್ಲಿ ಮಣ್ಣಿಗೆ ಸಾರ ಹೆಚ್ಚಾಗಿ ಬೇರೆ ಕಳೆ ಏಳುತ್ತದೆ. ಅದಕ್ಕೇ ದಿಮ್ಮಿಗಳ ಮೇಲೆ ತಗಡು ಎತ್ತರಿಸಿ ಇಟ್ಟು ಅದರ ಮೇಲೆ ಸುಡುತ್ತಾರೆ. ಇವತ್ತು ಒಟ್ಟಿದ ರಾಶಿಯನ್ನು ಇವತ್ತೇ ಸುಡಬೇಕು. ವಾರ ಬಿಟ್ಟರೆ ಅದರೊಳಗೆ ಯಾವುದೋ ಜೀವ ಸೇರಿಕೊಂಡಿರುತ್ತದೆ.

ಹಾಗಂತ ಎಲ್ಲವನ್ನೂ ಬೋಳಿಸುವುದಿಲ್ಲ. ಮೊದಲ ದಿನ ಒಂದು ಗೋರ್ಸ್ ಪೊದೆಗೆ ಕತ್ತರಿ ಹಾಕಲು ಹೋದೆ. ಜೊತೆಯಲ್ಲಿದ್ದ ಹಿರಿಯ ಮಹಿಳೆ ತಡೆದರು. "ಹದ್ದು ಬಂದರೆ ಹಲ್ಲಿ ಎಲ್ಲಿಗೆ ಓಡಬೇಕು?" ಎಂದು ಕೇಳಿದರು. ಬಿಸಿಲು ಕಾಯಿಸುವ ಜಾಗದಿಂದ ಅಡಗುವ ಜಾಗ ಒಂದೇ ಜಿಗಿತದ ದೂರದಲ್ಲಿರಬೇಕು. ಎಳೆ ಹೆದರ್, ಮುದಿ ಹೆದರ್, ಮುಳ್ಳುಪೊದೆ, ಬರಿ ಮರಳು ಎಲ್ಲವೂ ಕೌದಿಯ ತುಂಡುಗಳಂತೆ ಅಕ್ಕಪಕ್ಕ ಇರಬೇಕು. ಅದರಲ್ಲೂ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಂಗಾರದಂಥ ಜಾಗ. ಭೂಮಿಯ ಅಷ್ಟು ಉತ್ತರದಲ್ಲಿ ಸೂರ್ಯ ದಿನದ ಹೆಚ್ಚು ಹೊತ್ತು ದಕ್ಷಿಣದ ಕಡೆಗೇ ವಾಲಿಕೊಂಡು ಹೋಗುತ್ತಾನೆ.

ನನಗೆ ತುಂಬಾ ಇಷ್ಟವಾದ ಕೆಲಸ ಮರಳು ಪಟ್ಟಿ ಕೆರೆಯುವುದು. ಫೆಬ್ರವರಿಯಲ್ಲಿ ಗುದ್ದಲಿ, ಸನಿಕೆ ಹಿಡಿದು ಇಳಿಜಾರಿನಲ್ಲಿ ಒಂದೆರಡು ಮೀಟರ್ ಅಗಲಕ್ಕೆ ಹೆದರ್ ಬೇರು, ಪಾಚಿ, ಕಪ್ಪು ಮಣ್ಣನ್ನೆಲ್ಲ ಎಳೆದು ಹಾಕಬೇಕು. ಕೆಳಗಿನಿಂದ ಸ್ವಚ್ಛ ಹಳದಿ ಮರಳು ಕಾಣಿಸಿಕೊಳ್ಳುತ್ತದೆ. ಇದು ಮರಳು ಹಲ್ಲಿಯ ಹೆರಿಗೆಮನೆ. ಬ್ರಿಟನ್ನಿನ ಹಲ್ಲಿಗಳಲ್ಲಿ ಮೊಟ್ಟೆ ಇಡುವುದು ಇದೊಂದೇ, ಉಳಿದವು ಮರಿ ಹಾಕುತ್ತವೆ. ಮೇ ಕೊನೆ, ಜೂನ್ ಹೊತ್ತಿಗೆ ಹೆಣ್ಣು ಬರಿ ಮರಳಿನಲ್ಲಿ ಬಿಲ ತೋಡಿ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಕಾವು ಕೊಡುವುದು ಬಿಸಿಲಿನಲ್ಲಿ ಕಾದ ಮರಳೇ. ಆಗಸ್ಟ್ ಕೊನೆ, ಸೆಪ್ಟೆಂಬರಿಗೆ ಮರಿ ಹೊರಬರಬೇಕು, ಚಳಿ ಬೀಳುವ ಮೊದಲು ಒಂದಷ್ಟು ಹುಳು ತಿಂದು ಮೈಗೂಡಬೇಕು. ಮರಳಿಗೆ ನೆರಳು ಬಿದ್ದರೆ ಮೊಟ್ಟೆ ಬೆಳೆಯುವುದು ತಡವಾಗುತ್ತದೆ. ಅಷ್ಟರಲ್ಲಿ ಚಳಿಗಾಲ ಬಂದುಬಿಡುತ್ತದೆ. ಒಂದು ಇಡೀ ವರ್ಷದ ಸಂತಾನ ಮಣ್ಣಿನಲ್ಲೇ ಉಳಿಯುತ್ತದೆ.

ಇದೇ ಹಲ್ಲಿ ಜರ್ಮನಿಯಲ್ಲಿ ತೋಟಗಳಲ್ಲೂ, ರೈಲು ಹಳಿಯ ದಿಬ್ಬಗಳಲ್ಲೂ ಸಿಗುತ್ತದೆ. ಬ್ರಿಟನ್ ಅದರ ಸೀಮೆಯ ಅಂಚು. ಅಂಚಿನಲ್ಲಿ ಬದುಕುವವರಿಗೆ ಸಣ್ಣ ತಪ್ಪಿಗೂ ಜಾಗವಿರುವುದಿಲ್ಲ. ವೇಲ್ಸ್‌ನ ಕರಾವಳಿಯ ಮರಳುದಿಬ್ಬಗಳಿಂದ ಈ ಹಲ್ಲಿ ಪೂರ್ತಿ ಅಳಿದುಹೋಗಿತ್ತು. ಮರಿಗಳನ್ನು ಸಾಕಿ, ತಯಾರು ಮಾಡಿದ ಜಾಗಗಳಲ್ಲಿ ಬಿಟ್ಟು, ಮತ್ತೆ ಅಲ್ಲಿ ನೆಲೆಗೊಳಿಸಿದ್ದಾರೆ. ಡಾರ್ಸೆಟ್ಟಿನ ಬೋರ್ನ್‌ಮತ್‌ನಲ್ಲಿ ಕಚೇರಿ ಇರುವ ಆಂಫಿಬಿಯನ್ ಅಂಡ್ ರೆಪ್ಟೈಲ್ ಕನ್ಸರ್ವೇಷನ್ ಟ್ರಸ್ಟ್ ಇಂಥ ಕೆಲಸದಲ್ಲಿ ಮುಂದಿದೆ. ಇದರ ಜೊತೆಗೆ ಪ್ರಾಂತ್ಯಕ್ಕೊಂದರಂತೆ ಸ್ವಯಂಸೇವಕರ ಗುಂಪುಗಳಿವೆ. ಮರಳು ಪಟ್ಟಿಯನ್ನು ಒಂದು ಸಲ ಕೆರೆದರೆ ಮುಗಿಯಲಿಲ್ಲ. ಕೆಲವೇ ವರ್ಷದಲ್ಲಿ ಪಾಚಿ, ಹುಲ್ಲು ಮುಚ್ಚಿಕೊಳ್ಳುತ್ತದೆ. ಸರದಿಯ ಮೇಲೆ ಮತ್ತೆ ಮತ್ತೆ ಕೆರೆಯಬೇಕು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಮಾತು ನಮ್ಮಲ್ಲಿದೆ. ಇಂಗ್ಲೆಂಡಿನಲ್ಲಿ ಹುತ್ತ ಕಟ್ಟುವ ಗೆದ್ದಲಿಲ್ಲ. ಹಾವಿಗೆ ಚಳಿಗಾಲ ಕಳೆಯಲು ಮರದ ಬೇರಿನ ಸಂದು, ಮೊಲದ ಹಳೆ ಬಿಲ, ಬಂಡೆಯ ಬಿರುಕು ಬೇಕು. ಅದು ಹಿಮ ತಟ್ಟದಷ್ಟು ಆಳವಿರಬೇಕು, ನೀರು ನಿಲ್ಲಬಾರದು. ಅಂಥ ಜಾಗ ಕಡಿಮೆಯಾದ ಕಡೆ ಸ್ವಯಂಸೇವಕರೇ ಕಟ್ಟಿಕೊಡುತ್ತಾರೆ. ನೀರು ಬಸಿದು ಹೋಗುವ ಇಳಿಜಾರಿನಲ್ಲಿ ಗುಂಡಿ ತೋಡುತ್ತಾರೆ. ದಿಮ್ಮಿ, ಒಡೆದ ಇಟ್ಟಿಗೆ, ಕಲ್ಲುಗಳನ್ನು ಸಡಿಲವಾಗಿ ತುಂಬುತ್ತಾರೆ. ನಡುವೆ ಸಂದುಗಳು ಉಳಿಯಬೇಕು, ಒತ್ತಿ ತುಂಬಿದರೆ ಪ್ರಯೋಜನವಿಲ್ಲ. ಮೇಲೆ ಮಣ್ಣು ಹಾಕಿ ಹುಲ್ಲಿನ ಹೆಂಟೆ ಹೊದಿಸುತ್ತಾರೆ. ಬಿಸಿಲಿನ ಕಡೆಗೆ ಎರಡು ಮೂರು ಬಾಯಿ ಬಿಡುತ್ತಾರೆ. ಜೇಡಿ ನೆಲವಾದರೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ನೆಲದ ಮೇಲೇ ದಿಬ್ಬವಾಗಿ ಕಟ್ಟುವುದು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾವು ಹುತ್ತಕ್ಕೆ ಹಾಲೆರೀತೀವಿ, ನೀನು ಹುತ್ತಾನೇ ಕಟ್ಟಿದ್ಯಾ, ಒಳ್ಳೇದಾಯ್ತು ಬಿಡು" ಅಂದರು.

ಹುಲ್ಲುಹಾವಿಗೆ ಬೇಕಾದದ್ದು ತಿಪ್ಪೆ. ಬ್ರಿಟನ್ನಿನ ಹಾವುಗಳಲ್ಲಿ ಮೊಟ್ಟೆ ಇಡುವುದು ಇದೊಂದೇ. ಗೊಬ್ಬರದ ಗುಂಡಿ ಕೊಳೆಯುವಾಗ ಹುಟ್ಟುವ ಶಾಖವೇ ಇದರ ಮೊಟ್ಟೆಗೆ ಕಾವು. ಹಿಂದೆ ಪ್ರತಿ ಹಳ್ಳಿಯಲ್ಲೂ ಕುದುರೆ ಲದ್ದಿಯ ರಾಶಿ ಇತ್ತು, ಈಗ ಅಪರೂಪ. ಹಾಗಾಗಿ ಕೆರೆಯ ಹತ್ತಿರ ಬಿಸಿಲು ಬೀಳುವಲ್ಲಿ ಹುಲ್ಲು, ಎಲೆ, ಲದ್ದಿ ಸೇರಿಸಿ ರಾಶಿ ಹಾಕುತ್ತಾರೆ. ಒಂದೇ ರಾಶಿಗೆ ಎಷ್ಟೋ ಹೆಣ್ಣುಗಳು ಬಂದು ಮೊಟ್ಟೆ ಇಡುವುದುಂಟು. ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅದಕ್ಕೆ ಯಾರೂ ಸಲಿಕೆ ಹಾಕಬಾರದು, ಅಷ್ಟೇ ನಿಯಮ.

ಇಷ್ಟೆಲ್ಲ ಮಾಡಿದ್ದು ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ? ಎಣಿಸಬೇಕು. ಎಣಿಸುವುದು ಕಡಿಯುವುದಕ್ಕಿಂತ ಕಷ್ಟ, ಯಾಕೆಂದರೆ ಈ ಪ್ರಾಣಿಗಳು ಕಾಣಿಸಿಕೊಳ್ಳುವುದೇ ಕಡಿಮೆ. ಅದಕ್ಕೊಂದು ಸರಳ ಉಪಾಯವಿದೆ. ಏರಿಳಿತದ ಕಬ್ಬಿಣದ ತಗಡು ಅಥವಾ ಚಾವಣಿಗೆ ಹಾಸುವ ಕಪ್ಪು ಹಾಳೆಯನ್ನು ಮೊಳದಗಲಕ್ಕೆ ಕತ್ತರಿಸಿ ಹೆದರ್ ನಡುವೆ ಇಟ್ಟು, ನಕ್ಷೆಯಲ್ಲಿ ಸಂಖ್ಯೆ ಹಾಕಿಕೊಳ್ಳುತ್ತಾರೆ. ಬಿಸಿಲಿಗೆ ತಗಡು ಬೇಗ ಕಾಯುತ್ತದೆ. ಕೆಳಗೆ ಬೆಚ್ಚಗೆ, ಮೇಲೆ ಹದ್ದಿನ ಕಣ್ಣಿನಿಂದ ಮರೆ. ವಸಂತದಲ್ಲಿ ಬೆಳಿಗ್ಗೆ ಹೋಗಿ ಕೊಕ್ಕೆ ಕೋಲಿನಲ್ಲಿ ಒಂದೊಂದೇ ತಗಡನ್ನು ನಿಧಾನಕ್ಕೆ ಎತ್ತಿ ನೋಡಬೇಕು, ಬರೆದುಕೊಳ್ಳಬೇಕು, ಪ್ರಾಣಿ ಪಕ್ಕಕ್ಕೆ ಸರಿದ ಮೇಲೆ ಮತ್ತೆ ಇಳಿಸಬೇಕು. ಮರಳು ಹಲ್ಲಿ, ನುಣುಪು ಹಾವುಗಳಿಗೆ 1981ರ ವನ್ಯಜೀವಿ ಕಾಯ್ದೆಯಡಿ ಬಿಗಿ ರಕ್ಷಣೆಯಿದೆ. ಅವು ಇರುವ ಕಡೆ ಪರವಾನಗಿ ಇದ್ದವರ ಜೊತೆಯಲ್ಲಿ ಮಾತ್ರ ತಗಡು ಎತ್ತಬೇಕು.

ಆಡರ್ ಹಾವಿಗಾಗಿಯೇ 2005ರಲ್ಲಿ ಶುರುವಾದ ಎಣಿಕೆ ಇದೆ. ಚಳಿನಿದ್ದೆ ಮುಗಿಸಿ ಬಿಲದ ಬಾಯಲ್ಲಿ ಬಿಸಿಲು ಕಾಯಿಸುವ ಹಾವುಗಳನ್ನು ಸ್ವಯಂಸೇವಕರು ಪ್ರತಿ ವಸಂತದಲ್ಲೂ ಲೆಕ್ಕ ಹಾಕುತ್ತಾರೆ. 260 ಜಾಗಗಳಿಂದ ಬಂದ ಹನ್ನೊಂದು ವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿದ ಅಧ್ಯಯನ 2019ರಲ್ಲಿ ಹೊರಬಂತು. ನೂರಕ್ಕೆ 90 ಜಾಗಗಳಲ್ಲಿ ಇರುವುದು ಬೆರಳೆಣಿಕೆಯ ಹಾವುಗಳು, ಅಲ್ಲೆಲ್ಲ ಸಂಖ್ಯೆ ಸರಾಸರಿ ಇಳಿಯುತ್ತಲೇ ಇದೆ. ಹೀಗೇ ಹೋದರೆ 2032ರ ಹೊತ್ತಿಗೆ ಬ್ರಿಟನ್ನಿನಲ್ಲಿ ಆಡರ್ ಕೆಲವೇ ಕೆಲವು ಜಾಗಗಳಲ್ಲಿ ಮಾತ್ರ ಉಳಿಯಬಹುದು. ಈ ಎಚ್ಚರಿಕೆ ಬಂದದ್ದು ರಜೆಯ ದಿನ ಹೀತ್‌ಗೆ ಹೋಗಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡವರ ಹಾಳೆಗಳಿಂದ.

ಆಡರ್ ಬೇಗ ಚೇತರಿಸಿಕೊಳ್ಳುವ ಪ್ರಾಣಿಯಲ್ಲ. ಬಸುರಿ ಹೆಣ್ಣು ಬೇಸಿಗೆಯುದ್ದಕ್ಕೂ ಹೆಚ್ಚು ತಿನ್ನದೆ ಬಿಸಿಲು ಕಾಯಿಸುತ್ತದೆ. ಮರಿ ಹಾಕಿದ ಮೇಲೆ ಮೈಗೂಡಲು ಹೊತ್ತು ಹಿಡಿಯುವುದರಿಂದ ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷವೇ ಮರಿ. ಮೇಲಾಗಿ ಸುತ್ತ ರಸ್ತೆ, ಮನೆ ಬಂದು ಒಂದೊಂದು ಗುಂಪೂ ದ್ವೀಪವಾಗಿದೆ. ರಕ್ತಸಂಬಂಧದೊಳಗೇ ಕೂಡಿಕೆಯಾಗಿ ಮರಿಗಳು ಸೊರಗುತ್ತವೆ. ಸ್ವೀಡನ್ನಿನ ಸ್ಮಿಗೆಹುಕ್ ಎಂಬಲ್ಲಿ ಹೀಗೆ ಒಂಟಿಯಾದ ಆಡರ್ ಗುಂಪು ಅಳಿವಿನ ಅಂಚಿಗೆ ಬಂದಿತ್ತು. 1992ರಲ್ಲಿ ಬೇರೆ ಕಡೆಯಿಂದ 20 ಗಂಡು ಹಾವುಗಳನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಗಟ್ಟಿ ಮರಿಗಳು ಹುಟ್ಟಿ ಗುಂಪು ಮತ್ತೆ ಏರಿತು. ಎರಡು ಹೀತ್‌ಗಳ ನಡುವಿನ ತೋಪಿನಲ್ಲಿ ಸ್ವಯಂಸೇವಕರು ಅಗಲ ದಾರಿ ಬಿಡಿಸುವುದು ಇದೇ ಕಾರಣಕ್ಕೆ. ಹಾವುಗಳು ತಾವೇ ಬಿಸಿಲಿನ ದಾರಿ ಹಿಡಿದು ಆಚೆಗೆ ಹೋಗಲಿ ಎಂದು.

ಇದರಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಹೀತ್ ಕಾಪಾಡಲು ಮತ್ತೆ ದನ ಮೇಯಿಸೋಣ ಎನ್ನುವವರಿದ್ದಾರೆ. ದನ ಎಳೆ ಬರ್ಚ್ ತಿನ್ನುತ್ತದೆ, ಖರ್ಚು ಕಡಿಮೆ. ಆದರೆ ಅದೇ ದನ ಮುದಿ ಹೆದರ್ ತುಳಿದು ಮುರಿದರೆ ನುಣುಪು ಹಾವಿನ ಅಡಗುತಾಣ ಹೋಗುತ್ತದೆ. ಡಾರ್ಸೆಟ್ಟಿನಲ್ಲಿ ನಡೆದ ಅಧ್ಯಯನದಲ್ಲಿ ಮೇಯಿಸಿದ ಕಡೆಗಿಂತ ಮೇಯಿಸದ ಕಡೆ ನುಣುಪು ಹಾವುಗಳು ಜಾಸ್ತಿ ಸಿಕ್ಕವು. ನನ್ನ ಮಟ್ಟಿಗೆ, ಹಾವಿರುವ ದಿಬ್ಬದ ಪಕ್ಕ ಕೈಗರಗಸದ ಕೆಲಸವೇ ಸರಿ. ನಿಧಾನ, ಆದರೆ ಯಾವ ಪೊದೆ ಉಳಿಯಬೇಕು ಎಂದು ನೋಡಿ ನಿಲ್ಲಲು ಮನುಷ್ಯನಿಗೆ ಮಾತ್ರ ಆಗುತ್ತದೆ. ಅತಿ ಉತ್ಸಾಹದಲ್ಲಿ ಒಂದೇ ಚಳಿಗಾಲಕ್ಕೆ ಇಡೀ ದಿಬ್ಬ ಬೋಳಿಸುವುದೂ ಅಷ್ಟೇ ಅಪಾಯ. ಇನ್ನು ಬೆಂಕಿ ಬಿದ್ದರೆ ಹತ್ತಾರು ವರ್ಷದ ದುಡಿಮೆ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. 2020ರ ಮೇ ತಿಂಗಳಲ್ಲಿ ಡಾರ್ಸೆಟ್ಟಿನ ವೇರಮ್ ಕಾಡಿನಲ್ಲಿ 200 ಹೆಕ್ಟೇರಿಗೂ ಹೆಚ್ಚು ಉರಿದುಹೋಯಿತು. ಹಕ್ಕಿ ಹಾರುತ್ತದೆ, ಜಿಂಕೆ ಓಡುತ್ತದೆ. ಹಲ್ಲಿ ಎಲ್ಲಿಗೆ ಹೋಗಬೇಕು?

ಊರಿಗೆ ಬಂದಾಗಲೆಲ್ಲ ನನಗೆ ಹೆಸರಘಟ್ಟದ ಹುಲ್ಲುಗಾವಲು ನೆನಪಾಗುತ್ತದೆ. ಕರ್ನಾಟಕದ ಒಣ ಬಯಲುಗಳನ್ನು ಕಾಗದಪತ್ರಗಳಲ್ಲಿ ಬೀಳು, ಬಂಜರು ಎಂದು ಬರೆದು ನೀಲಗಿರಿ, ಅಕೇಶಿಯ ನೆಟ್ಟದ್ದು ಎಷ್ಟು ಕಡೆ! ಗಂಟಲ ಕೆಳಗಿನ ಬಣ್ಣದ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಹೆಣ್ಣನ್ನು ಕರೆಯುವ ಪುಟ್ಟ ಓತಿಯೊಂದು ಅಂಥ ಬಿಸಿಲು ಬಯಲಿನದೇ. ಕಲ್ಲಿನ ಮೇಲೆ ನಿಂತು ಅದು ಬೀಸಣಿಗೆ ಬಿಚ್ಚಿದರೆ ದೂರದ ಹೆಣ್ಣಿಗೆ ಕಾಣಬೇಕು, ನಡುವೆ ಮರ ನೆಟ್ಟರೆ ಕಾಣುವುದು ಹೇಗೆ?

ಮೇ ಕೊನೆಯ ವಾರ ಮತ್ತೆ ಆ ಇಳಿಜಾರಿಗೆ ಹೋದೆವು. ಫೆಬ್ರವರಿಯಲ್ಲಿ ಕೆರೆದ ಮರಳು ಪಟ್ಟಿ ಬಿಸಿಲಿಗೆ ಬೆಳಗುತ್ತಿತ್ತು. ಕಾಲುದಾರಿಯಿಂದ ಇಳಿಯುವಂತಿಲ್ಲ, ಅಲ್ಲೇ ಕೂತು ದುರ್ಬೀನು ಹಿಡಿದೆ. ಕಂದು ಮೈ, ಬೆನ್ನ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ನಡುವೆ ಬಿಳಿ ಚುಕ್ಕೆ. ಹೊಟ್ಟೆ ಉಬ್ಬಿದ ಹೆಣ್ಣು. ಮುಂಗಾಲಲ್ಲಿ ಮರಳು ಕೆದರಿ ಹಿಂಗಾಲಲ್ಲಿ ಹೊರಗೆ ಚಿಮ್ಮುತ್ತಿತ್ತು. ಅರ್ಧ ತೋಡಿ ನಿಲ್ಲಿಸಿತು. ತಲೆ ಎತ್ತಿ ನೋಡಿತು. ಒಂದಡಿ ಪಕ್ಕಕ್ಕೆ ಬಂದು ಮತ್ತೆ ಶುರು ಮಾಡಿತು. ಪಟ್ಟಿಯುದ್ದಕ್ಕೂ ಅಂಥ ಅರ್ಧ ತೋಡಿದ ಗುಳಿಗಳು ಇನ್ನೂ ಮೂರು ಇದ್ದವು. ಪಕ್ಕದಲ್ಲಿದ್ದ ಹಿರಿಯರು ಮಾತಾಡದೆ ಹಾಳೆಯನ್ನು ನನ್ನ ಕಡೆ ಸರಿಸಿದರು. ಗಂಟೆ, ಬಿಸಿಲು, ಗಾಳಿ ಬರೆದು, ಮರಳು ಹಲ್ಲಿ ಎಂಬ ಸಾಲಿನಲ್ಲಿ "ಹೆಣ್ಣು, 1" ಎಂದು ಬರೆದೆ.